ಪುಟದ ಬುಡದಲ್ಲೊಂದು ಗುರುತು

ಭದ್ರಾವತಿಯ ನ್ಯೂಟೌನಿನಲ್ಲಿ ನಾನು ಶಾಲೆಗೆ ಹೋಗುವಾಗ ಪಠ್ಯಪುಸ್ತಕಗಳಿಗೆ ಹಾಕುತ್ತಿದ್ದ ಬೈಂಡು ಅಂಗಡಿಯದಲ್ಲ. ಅಪ್ಪ ಕಬ್ಬಿಣದ ಕಾರ್ಖಾನೆಯಿಂದ ತರುತ್ತಿದ್ದ, ರದ್ದಾದ ನಕ್ಷೆಗಳ ಹಾಳೆ. ಎಷ್ಟು ದಿನವಾದರೂ ಅಮೋನಿಯಾ ವಾಸನೆ ಹೋಗುತ್ತಿರಲಿಲ್ಲ. ಬಲಗಡೆ ಕೆಳಮೂಲೆಯಲ್ಲೊಂದು ಚೌಕ. ಅದರೊಳಗೆ ನಕ್ಷೆಯ ನಂಬರು, ಪಕ್ಕದಲ್ಲಿ ಎ, ಬಿ, ಸಿ ಎಂದು ತಿದ್ದುಪಡಿಯ ಅಕ್ಷರ, ತಿದ್ದಿದ್ದೇನು, ಯಾವತ್ತು, ಯಾರ ಸಹಿ. ‘ಸಿ’ ಬಂದಿದ್ದು ಗೊತ್ತಿಲ್ಲದೆ ‘ಬಿ’ ಹಿಡಿದುಕೊಂಡು ಲೇತ್ ಮುಂದೆ ನಿಂತರೆ ಕಬ್ಬಿಣ ಸೀದಾ ಗುಜರಿಗೆ ಅನ್ನುತ್ತಿದ್ದರು ಅಪ್ಪ.

1923ರಲ್ಲಿ ಕುಲುಮೆ ಹೊತ್ತಿಸಿದ ಊರಿನಲ್ಲಿ ಬೆಳೆದ ನಾನು ಶಿವಮೊಗ್ಗದ ದುರ್ಗಿಗುಡಿಗೆ ಬಂದು ಡಿಟಿಪಿ ಅಂಗಡಿ ಇಟ್ಟಮೇಲೆ ಆ ಚೌಕವನ್ನೇ ಮರೆತೆ. ನನ್ನ ಕಂಪ್ಯೂಟರಿನಲ್ಲಿ ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಎಲ್ಲವೂ ಇದ್ದವು. ಒಂದು ಸ್ಮರಣ ಸಂಚಿಕೆಯಲ್ಲಿ ಗ್ರಹಚಾರ ಕಾದಿತ್ತು. ದಾನಿಗಳ ಹೆಸರು ತಿದ್ದಿದ್ದು ಮೂರನೇ ಪ್ರೂಫಿನಲ್ಲಿ, ಸಮಿತಿಯವರು ಸಹಿ ಹಾಕಿದ್ದು ಎರಡನೆಯದಕ್ಕೆ. ಎರಡೂ ನೋಡಲು ಅವಳಿ ಮಕ್ಕಳು. ಐನೂರು ಪ್ರತಿಗೂ ಚೀಟಿ ಅಂಟಿಸುತ್ತಾ ರಾತ್ರಿ ಬೆಳಗಾಯಿತು.

ತಾರೀಕು ಹಾಕಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಒಂದೇ ದಿನ ನಾಲ್ಕು ಸಲ ತಿದ್ದುವ ಗಿರಾಕಿಗಳು ನನಗೆ ಗೊತ್ತು. ಕಂಪ್ಯೂಟರ್ ತಾನಾಗಿ ಹಾಕುವ ತಾರೀಕಂತೂ ಕಡತ ತೆರೆದ ದಿನಕ್ಕೆ ಬದಲಾಗಿ ಕೂರುತ್ತದೆ. ಕೈಯಲ್ಲಿ ಬರೆಯುವ ನಂಬರೂ ಅವಸರದಲ್ಲಿ ಮರೆತುಹೋಗುತ್ತದೆ.

ಗಣಿತದಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಪ್ರಿಂಟಿಗೆ ತಂದ ಪ್ರಬಂಧದಲ್ಲಿ ಪ್ರತಿ ಪುಟದ ಬುಡದಲ್ಲೂ ಏಳಕ್ಷರದ ಗುರುತಿತ್ತು. ಲೇಟೆಕ್ ಎಂಬ ತಂತ್ರಾಂಶದಲ್ಲಿ ಜೋಡಿಸಿದ ಪುಟ, ಗುರುತು ಕೊಟ್ಟಿದ್ದು ತಿದ್ದುಪಡಿಗಳ ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಮಾಡಿಕೊಂಡ ಈ ಗಿಟ್, ದಾಖಲಿಸಿದ ಪ್ರತಿ ತಿದ್ದುಪಡಿಗೂ 40 ಅಕ್ಷರದ ಗುರುತು ಕೊಡುತ್ತದೆ. ಮೊದಲ ಏಳಿದ್ದರೆ ಸಾಮಾನ್ಯವಾಗಿ ಆ ಪ್ರತಿ ಸಿಕ್ಕಿಬಿಡುತ್ತದೆ. ದಾಖಲಿಸದೆ ಪ್ರಿಂಟ್ ತೆಗೆದರೆ ಪಕ್ಕದಲ್ಲಿ ‘ಡರ್ಟಿ’ ಎಂದು ಬರುವಂತೆಯೂ ಮಾಡಿಟ್ಟಿದ್ದಳು. ಅಪ್ಪ ನೋಡಿದ್ದರೆ ಖುಷಿಪಡುತ್ತಿದ್ದರು.

ಲಗ್ನಪತ್ರಿಕೆಗೆ ಇದೆಲ್ಲ ಬೇಡ. ಆದರೆ ಪ್ರಬಂಧ, ವರದಿ, ಸಂಘದ ಬೈಲಾ, ಟೆಂಡರ್ ಇವುಗಳ ಬುಡದಲ್ಲಿ ಗುರುತು ಇರಲೇಬೇಕು, ಕೊನೆಯ ಮುದ್ರಣದಲ್ಲೂ. ಅಂದ ಕೆಡುತ್ತದೆ ಅನ್ನುವವರಿಗೆ ಆರು ಪಾಯಿಂಟಿನಲ್ಲಿ ಹಾಕಿ ತೋರಿಸುತ್ತೇನೆ. ಅರ್ಧ ಜನಕ್ಕೆ ಕಾಣುವುದೇ ಇಲ್ಲ.

ಗಿಟ್ ಕಲಿಯಲು ನನಗಿನ್ನೂ ಪುರುಸೊತ್ತಾಗಿಲ್ಲ. ಸದ್ಯಕ್ಕಿರಲಿ ಎಂದು ಪ್ರೂಫಿಗೆ ನಂಬರ್ ಹಾಕಿ, ಅದರ ಪಕ್ಕದಲ್ಲೇ ಗಿರಾಕಿಯ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಮೊನ್ನೆ ಒಬ್ಬರು ಫೋನ್ ಮಾಡಿ, ‘ನಾಲ್ಕರಲ್ಲಿ ಮೂರನೇ ಪ್ಯಾರಾ ತೆಗೀರಿ’ ಅಂದರು. ನಾಲ್ಕನೇ ಪುಟವೋ ನಾಲ್ಕನೇ ಪ್ರೂಫೋ ಎಂದು ಬಗೆಹರಿಯಲು ಹತ್ತು ನಿಮಿಷ ಹಿಡಿಯಿತು. ಅವತ್ತಿನಿಂದ ಪ್ರೂಫಿಗೆ ಕ, ಖ, ಗ. ‘ಙ’ ದಾಟಿದರೆ ಬೇರೆ ದರ ಎಂದು ಗೋಡೆಗೂ ಅಂಟಿಸಿದ್ದೇನೆ.