ಡೂಕೋ ಕನ್ನಡ ಪದ ಕಣ್ರೀ

ಗಾಡಿಗೆ ಪೇಂಟ್ ಹೊಡೆಯೋರ ಮಾತು ಕೆಟ್ಟ ಕನ್ನಡ ಅನ್ನೋ ದೂರು ಆಗಾಗ ಕಿವಿಗೆ ಬೀಳ್ತಾನೇ ಇರುತ್ತೆ. ‘ಸ್ಪ್ರೇ ಪೇಂಟಿಂಗ್’ ಅನ್ನಬಾರದಂತೆ, ‘ವರ್ಣಸಿಂಚನ’ ಅನ್ನಬೇಕಂತೆ. ಈ ಪದ ಹುಟ್ಟಿಸಿದ ಮಹನೀಯರು ಒಂದು ಸಲ ಗ್ಯಾರೇಜಿಗೆ ಹೋಗಿ, ‘ಅಣ್ಣಾ, ಬಂಪರಿಗೆ ಸ್ವಲ್ಪ ವರ್ಣಸಿಂಚನ ಮಾಡ್ಕೊಡಿ’ ಅಂತ ಕೇಳಿ ನೋಡಲಿ. ಆಮೇಲೆ ಮಾತಾಡೋಣ.

ಗ್ಯಾರೇಜಿನ ಭಾಷೆ ಬಡವಾದದ್ದಲ್ಲ. ಬ್ರಷ್ ಹಿಡಿದರೆ ‘ಬಳಿಯೋದು’, ಗನ್ ಹಿಡಿದರೆ ‘ಹೊಡೆಯೋದು’. ಪುಟ್ಟಿ ‘ತುಂಬೋದು’, ವಾಟರ್ ಪೇಪರ್ ‘ಉಜ್ಜೋದು’. ಒಂದು ಕೋಟ್ ಅಂದ್ರೆ ‘ಒಂದ್ ಕೈ’. ಒಂದೇ ಕಡೆ ಜಾಸ್ತಿ ಹೊಡೆದು ಬಣ್ಣ ಜಾರಿದರೆ ‘ಇಳೀತು’, ಒದ್ದೆ ಇರೋವಾಗ ಧೂಳು ಅಂಟಿದರೆ ‘ಕೂತ್ಕಂತು’, ಶೇಡ್ ಹೊಂದದೆ ಹೋದರೆ ‘ತೇಪೆ ಕಾಣ್ತದೆ’. ಅಂಗಡಿಯ ಸ್ಪ್ರೇ ಡಬ್ಬಿ ತಂದು ಮನೇಲೇ ಬೈಕಿನ ಟ್ಯಾಂಕಿಗೆ ಹೊಡ್ಕೊಂಡು ಬಂದ ಹುಡುಗನಿಗೆ, ‘ಇದೇನು ಡಬ್ಬಿ ಕೆಲಸಾನಾ’ ಅಂತ ಒಂದೇ ಮಾತು ಸಾಕು, ಮರ್ಯಾದೆ ಹೋಯ್ತು. ಅಮೆರಿಕದವರೂ ಇದನ್ನೇ ಮಾಡ್ತಾರೆ. ಡಬ್ಬಿ ಅಲ್ಲಾಡಿಸಿದಾಗ ಒಳಗಿನ ಗುಂಡು ಗಲಗಲ ಅನ್ನುತ್ತಲ್ಲ, ಅದಕ್ಕೆ ಅವರು ಅದನ್ನ ‘ರ‍್ಯಾಟಲ್ ಕ್ಯಾನ್’ ಅಂತಾರೆ. ಅಂದ್ರೆ ಗಿಲಕಿ ಡಬ್ಬಿ. ಅಲ್ಲೂ ಅದು ಅರ್ಧ ಬೈಗುಳವೇ.

ಇನ್ನು ಡೂಕೋ. ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗೆ ಅಂತ ತಂದ ನೈಟ್ರೋಸೆಲ್ಯುಲೋಸ್ ಪೇಂಟಿನ ಹೆಸರು ಅದು. ಅದಕ್ಕೂ ಮುಂಚೆ ಒಂದು ಕಾರಿಗೆ ಬಣ್ಣ ಬಳಿದು ಒಣಗಿಸೋಕೆ ವಾರಗಟ್ಟಲೆ ಬೇಕಿತ್ತು. ಡೂಕೋ ಅದನ್ನ ಗಂಟೆಗಳಿಗೆ ಇಳಿಸಿತು. ಅದು ಹಡಗು ಹತ್ತಿ ಇಲ್ಲಿಗೂ ಬಂತು. ಇವತ್ತು ಡಬ್ಬಿ ಯಾವ ಕಂಪನಿಯದೇ ಆಗಿರಲಿ, ಒಳಗೆ ಯಾವ ರಾಳವೇ ಇರಲಿ, ಬೀರುವಿಗೆ ಗನ್ನಲ್ಲಿ ಹೊಡೆದರೂ ‘ಡೂಕೋ ಪೇಂಟ್’. ಮೇಜು, ಸಾಬೂನು ನಮ್ಮವಾದ ಹಾಗೆ ಇದೂ ನಮ್ಮದಾಯ್ತು. ಯಾವ ಸಮಿತಿಯ ಒಪ್ಪಿಗೆಗೂ ಕಾಯಲಿಲ್ಲ.

ಪದ ಹುಟ್ಟಿಸೋರ ಮೇಲೆ ನನ್ನ ಸಿಟ್ಟು ಇಷ್ಟಕ್ಕೇ ಆಗಿದ್ದರೆ ನಕ್ಕು ಸುಮ್ಮನಾಗ್ತಿದ್ದೆ. ಸಿಟ್ಟು ಬೇರೆ ಕಡೆ ಇದೆ. ಬಣ್ಣಕ್ಕೆ ಏನೇನಾಗಬಹುದೋ ಅದಕ್ಕೆಲ್ಲ ಗ್ಯಾರೇಜಲ್ಲಿ ಪದ ಇದೆ. ಹೊಡೆಯೋನಿಗೆ ಏನಾಗುತ್ತೆ ಅನ್ನೋದಕ್ಕೆ ಒಂದೂ ಇಲ್ಲ.

ಈಗ ಕಾರಿಗೆ ಹೊಡೆಯೋದು ಹೆಚ್ಚಾಗಿ ‘ಪಿಯು’. ಕಾಲೇಜಲ್ಲ, ಪಾಲಿಯುರೆಥೇನ್. ‘ಟೂಕೆ’ ಅಂತಲೂ ಅಂತಾರೆ, ಯಾಕಂದ್ರೆ ಎರಡು ಡಬ್ಬಿ ಬೆರೆಸಬೇಕು. ಒಂದು ಪೇಂಟು, ಇನ್ನೊಂದು ಹಾರ್ಡನರ್. ಆ ಹಾರ್ಡನರಿನಲ್ಲಿ ಸಾಮಾನ್ಯವಾಗಿ ಇರೋದು ಐಸೋಸಯನೇಟ್. 1984ರಲ್ಲಿ ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೋಸಯನೇಟ್. ಎರಡೂ ಒಂದೇ ಅಲ್ಲ. ಇದು ಅದರಷ್ಟು ಸುಲಭಕ್ಕೆ ಹಾರುವ ವಸ್ತುವಲ್ಲ, ಆದರೆ ಅದೇ ಮನೆತನದ್ದು. ಗನ್ನಿಂದ ಮಂಜಿನ ಹಾಗೆ ಹೊರಬಂದಾಗ ನೇರ ಶ್ವಾಸಕೋಶಕ್ಕೆ ಇಳಿಯುತ್ತೆ. ಮೈಗೆ ಒಮ್ಮೆ ಇದು ಒಗ್ಗದೆ ಹೋಯ್ತೋ, ಅಸ್ತಮಾ ಹಿಡಿಯುತ್ತೆ. ಆಮೇಲೆ ಪಕ್ಕದ ಶೆಡ್ಡಲ್ಲಿ ಯಾರೋ ಹೊಡೆದರೂ ಉಸಿರು ಕಟ್ಟಬಹುದು. ಅಲ್ಲಿಗೆ ಆ ಕಸುಬೇ ಮುಗೀತು.

ನಮ್ಮ ಹುಡುಗರು ಇದಕ್ಕೆಲ್ಲ ಹೇಳೋದು ಒಂದೇ ಮಾತು: ‘ವಾಸನೆ’. ‘ವಾಸನೆ ಜಾಸ್ತಿ, ಕರ್ಚೀಫ್ ಕಟ್ಕೊ.’ ‘ವಾಸನೆ ಹೋಯ್ತು, ಈಗ ಏನಾಗಲ್ಲ.’ ಮೂಗಿಗೆ ಬಡಿಯೋ ಆ ವಾಸನೆ ಥಿನ್ನರಿಂದು. ಅದೂ ಒಳ್ಳೇದಲ್ಲ, ಆ ಮಾತು ಬೇರೆ. ಐಸೋಸಯನೇಟ್ ಮೂಗಿಗೆ ಗೊತ್ತಾಗೋ ಹೊತ್ತಿಗೆ ಅಪಾಯದ ಮಟ್ಟ ದಾಟಿರುತ್ತೆ. ಕರ್ಚೀಫು ಅದಕ್ಕೆ ಅಡ್ಡವೇ ಅಲ್ಲ, ಮೆಡಿಕಲ್ ಶಾಪಿನ ಮಾಸ್ಕೂ ಅಲ್ಲ. ಹೊರಗಿನಿಂದ ಪೈಪಲ್ಲಿ ಶುದ್ಧ ಗಾಳಿ ಕೊಡೋ ಮುಖವಾಡ ಬೇಕು. ಇದೆಲ್ಲ ಡಬ್ಬಿಯ ಮೇಲೆ ಇಲ್ಲವೇ ಅಂದ್ರೆ, ಇದೆ. ಇಂಗ್ಲಿಷಲ್ಲಿ, ಇರುವೆ ಸಾಲಿನಷ್ಟು ಅಕ್ಷರದಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದವನು ಅದನ್ನ ಓದಬೇಕಂತೆ!

ನಾನು ಹೊಲದಲ್ಲಿ ಬೆಳೆದವನು. ನಮ್ಮಲ್ಲೂ ‘ಹೊಡೆಯೋದು’ ಇದೆ, ಬೆಳೆಗೆ ಔಷಧಿ ಹೊಡೆಯೋದು. ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ಜನ ನಾವು. ಆದರೂ ಗಾಳಿಗೆ ಬೆನ್ನು ಕೊಟ್ಟು ಹೊಡೀಬೇಕು, ಹೊಡೆದ ಕೈಯಲ್ಲಿ ಬೀಡಿ ಮುಟ್ಟಬಾರದು ಅನ್ನೋದು ಮಾತಿನಲ್ಲೇ ದಾಟಿ ಬಂದಿದೆ. ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತೆ. ಓದು ಬಾರದ ನಮ್ಮಜ್ಜನಿಗೂ ‘ಕೆಂಪಂದು ಹುಷಾರು’ ಅಂತ ಗೊತ್ತಿತ್ತು. ರೈತರು ಇದರಿಂದ ಸಾಯೋದು ನಿಂತಿದೆ ಅಂತ ನಾನು ಹೇಳ್ತಿಲ್ಲ. ಹೇಳೋಕೆ ಒಂದು ಮಾತಾದರೂ ಇದೆ.

ತಮಾಷೆ ನೋಡಿ, ಈ ಗನ್ನಿನ ಮೂಲಪುರುಷ ನಿಜಕ್ಕೂ ಔಷಧಿ ಹೊಡೆಯೋದೇ. ಅಮೆರಿಕದ ಟೊಲಿಡೋ ಊರಿನ ಡಾಕ್ಟರು ಆಲನ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧಿ ಚಿಮ್ಮಿಸೋಕೆ ಒಂದು ಪಿಚಕಾರಿ ಮಾಡಿದ್ದರು. ಅವರ ಮಗ ಅದೇ ತತ್ವದಿಂದ ಪೇಂಟ್ ಗನ್ ಮಾಡಿದ. ಗಂಟಲು ವಾಸಿ ಮಾಡೋಕೆ ಹುಟ್ಟಿದ್ದು ಈಗ ಗಂಟಲ ಕೆಳಗೆ ಏನು ಇಳಿಸ್ತಿದೆ ನೋಡಿ.

ಯುರೋಪಿನಲ್ಲಿ 2023ರ ಆಗಸ್ಟಿನಿಂದ, ಡೈಐಸೋಸಯನೇಟ್ 0.1% ದಾಟಿದ ಮಾಲನ್ನ ಕೆಲಸಕ್ಕೆ ಬಳಸೋರು ಮೊದಲು ತರಬೇತಿ ಪಡೆದಿರಲೇಬೇಕು. ನಮ್ಮಲ್ಲಿ ತರಬೇತಿ ಅಂದ್ರೆ ಮೇಸ್ತ್ರಿಯ ಪಕ್ಕ ನಿಂತು ಎರಡು ವರ್ಷ ಅದೇ ಮಂಜು ಕುಡಿಯೋದು. ಕಾರಿನವರು, ಅಂದ್ರೆ ನನ್ನಂಥ ಐಟಿ ಜನ, ಶೆಡ್ಡಿಗೆ ಹೋದಾಗ ಹೊಳಪು ನೋಡ್ತೀವಿ, ರೇಟು ಕೇಳ್ತೀವಿ. ಹೊಡೆಯೋನು ಮುಖಕ್ಕೆ ಏನು ಹಾಕ್ಕೊಂಡಿದ್ದ ಅಂತ ಕೇಳಿದವರನ್ನ ನಾನಿನ್ನೂ ನೋಡಿಲ್ಲ.

ಹಾಗಾಗಿ ಪದ ಹುಟ್ಟಿಸೋ ಉಮೇದು ಇರೋರಿಗೆ ಕೆಲಸ ಇಲ್ಲಿದೆ. ವರ್ಣಸಿಂಚನ ಬೇಡ. ಅಪಾಯಕಾರಿ ವಿಷಾನಿಲ ಅಂತಷ್ಟೇ ಬರೆದೂ ಉಪಯೋಗವಿಲ್ಲ, ಆ ಬೋರ್ಡನ್ನ ಯಾರೂ ಓದಲ್ಲ. ಹಾರ್ಡನರ್ ಡಬ್ಬಿಯ ಮೇಲೆ ಹೆಬ್ಬೆರಳಷ್ಟು ದಪ್ಪ ಅಕ್ಷರದಲ್ಲಿ, ಗ್ಯಾರೇಜಿನ ಬಾಯಲ್ಲೇ ಬರೀಲಿ: ‘ಇದಕ್ಕೆ ವಾಸನೆ ಇಲ್ಲ. ಉಸಿರು ಕಟ್ತದೆ. ಗಾಳಿ ಪೈಪಿನ ಮಾಸ್ಕ್ ಇಲ್ದೆ ಹೊಡೀಬೇಡ.’