ಅತ್ತೆಗೆ ಅರಳು ಮರಳೇ?

“ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ ಅತ್ತೆಯವರು ಮೂರನೇ ರಾತ್ರಿಯಿಂದ ಬಡಬಡಿಸುತ್ತಾರೆ, ನನ್ನನ್ನೇ ಗುರುತಿಸುವುದಿಲ್ಲ. ಅರಳು ಮರಳೇ?” ಎಂದು ಸೋದರಿಯೊಬ್ಬರು ಕೇಳಿದ್ದಾರೆ.

ಎರಡೇ ದಿನದಲ್ಲಿ ಬಂದದ್ದು ಸಾಮಾನ್ಯವಾಗಿ ಅರಳು ಮರಳಲ್ಲ ತಾಯೀ, ಡಿಲೀರಿಯಂ. ಸೋಂಕು, ನೋವು, ಮಲಬದ್ಧತೆಯಿಂದ ಬರಬಹುದು; ಔಷಧದಿಂದಲೂ ಬರಬಹುದು. ಡಯಾಜೆಪಾಮ್‌ನಂಥ ನಿದ್ದೆ ಗುಳಿಗೆಯ ಮಂಪರು ವಯಸ್ಸಾದವರಲ್ಲಿ ಬೇಗ ಇಳಿಯದು, ಎದ್ದರೆ ಬೀಳುತ್ತಾರೆ. ತುರಿಕೆಗೆ ಕೊಡುವ ಏವಿಲ್‌ನಂಥವು ಬಾಯಿ ಒಣಗಿಸಿ, ಮೂತ್ರ ಕಟ್ಟಿಸಿ, ತಲೆಯನ್ನೂ ಕೆಡಿಸಬಲ್ಲವು. ಅಮೆರಿಕದ ಡಾ. ಬಿಯರ್ಸ್ 1991ರಲ್ಲೇ ಇಂಥ ಔಷಧಗಳ ಎಚ್ಚರಿಕೆ ಪಟ್ಟಿ ಮಾಡಿದ್ದರು.

ಡಾಕ್ಟರಿಗೆ ಇವತ್ತೇ ಹೇಳಿ. ಮನೆಯಲ್ಲಿ ನುಂಗುತ್ತಿದ್ದ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಒಯ್ದು ತೋರಿಸಿ. ಹಳೆಯ ನಿದ್ದೆ ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ತಟ್ಟನೆ ಬಿಟ್ಟರೂ ಅಪಾಯ. ಕನ್ನಡಕ ಹಾಕಿ, ಹಗಲು ಕಿಟಕಿ ತೆರೆದಿಡಿ. ಗದರಬೇಡಿ, ಕೈ ಹಿಡಿದು ಮಾತಾಡಿಸಿ.