ಟಿ.ವಿ. ಸುದ್ದಿಗೂ ಸ್ಕೇಲು ಹಿಡಿಯೋಣ!

ಪೇಪರಿನ ಸುದ್ದಿಗೆ ಅಳತೆ ಇದೆ. ಯಾವ ಸುದ್ದಿ ಎಷ್ಟು ಕಾಲಂ, ಎಷ್ಟು ಸೆಂಟಿಮೀಟರ್ ಎಂದು ಪ್ರೆಸ್ಸಿನ ಹುಡುಗನೂ ಸ್ಕೇಲು ಇಟ್ಟು ಹೇಳಬಲ್ಲ. ಹತ್ತು ವರ್ಷದ ನಂತರವೂ ಲೈಬ್ರರಿಯಲ್ಲಿ ಕೂತು ಅಳೆಯಬಹುದು. ಟಿ.ವಿ. ಸುದ್ದಿಗೆ? ರಾತ್ರಿ ಒಂಬತ್ತಕ್ಕೆ ಅರಚಿದ್ದು ಬೆಳಿಗ್ಗೆ ಗಾಳಿಪಾಲು!

1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ಎದುರುಬದುರಾದಾಗ ದಿಲ್ಲಿಯ ಕ್ಯಾಮೆರಾಗಳು ಇಲ್ಲಿಗೆ ಓಡಿಬಂದವು. ಉಕ್ಕಿನ ಕಾರ್ಖಾನೆಗಳಿಗೆಂದು 2010ರ ಸುಮಾರಿಗೆ ಭೂಮಿ ಕಳೆದುಕೊಂಡ ಕುಡತಿನಿ ಸೀಮೆಯ ರೈತರು, ಕಾರ್ಖಾನೆಯೂ ಬಾರದೆ ಕೆಲಸವೂ ಸಿಗದೆ 2022ರ ಡಿಸೆಂಬರಿನಲ್ಲಿ ಧರಣಿ ಕೂತರು. ಅವರಿಗೆ ಕನ್ನಡ ಚಾನೆಲ್ಲುಗಳು ಕೊಟ್ಟದ್ದು ಎಷ್ಟು ನಿಮಿಷ? ‘ತೋರಿಸಿದ್ದೇವಲ್ಲ’ ಎಂದು ಅವರೆಂದರೆ, ಎಷ್ಟು ಎಂದು ಕೇಳಲು ನಮ್ಮ ಕೈಯಲ್ಲಿ ಲೆಕ್ಕವೆಲ್ಲಿದೆ?

ದಾರಿ ಇದೆ ಗೆಳೆಯರೇ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 1968ರಿಂದಲೇ ಟಿ.ವಿ. ಸುದ್ದಿಯನ್ನು ರೆಕಾರ್ಡ್ ಮಾಡಿ ಕಾಪಿಡುತ್ತ ಬಂದಿದೆ. ಸ್ಟ್ಯಾನ್‌ಫರ್ಡಿನವರು 2010ರಿಂದ 2019ರವರೆಗಿನ ಸಿ.ಎನ್.ಎನ್., ಫಾಕ್ಸ್, ಎಂ.ಎಸ್.ಎನ್.ಬಿ.ಸಿ. ಚಾನೆಲ್ಲುಗಳ 2 ಲಕ್ಷ 44 ಸಾವಿರ ಗಂಟೆಗಳ ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿದರು. ಒಬ್ಬ ಮನುಷ್ಯ ಹಗಲು ರಾತ್ರಿ ಕಣ್ಣು ಮುಚ್ಚದೆ ನೋಡಿದರೂ 27 ವರ್ಷ ಮೀರುತ್ತದೆ! ಯಂತ್ರ ಮುಖ ಗುರುತಿಸಿತು, ಅಡಿಬರಹದಿಂದ ಮಾತು ಹೆಕ್ಕಿತು. ಹೆಂಗಸರ ಮುಖ ತೆರೆಯ ಮೇಲಿದ್ದ ಹೊತ್ತು ಗಂಡಸರದರ ಸುಮಾರು ಅರ್ಧ ಎಂದು ತೋರಿಸಿತು. ಬಾಯಿಮಾತಿನ ದೂರು ದಾಖಲೆಯಾಯಿತು.

ಅಲ್ಲಿ ಆಡಿದ ಮಾತಿಗೆ ಅಡಿಬರಹ ಹಾಕುವುದು ಕಾನೂನು. ನಮ್ಮ ಸುದ್ದಿಯಲ್ಲಿ ಆ ಅನುಕೂಲವಿಲ್ಲ. ಯಂತ್ರವೇ ಕನ್ನಡ ಕೇಳಿ ಬರೆದುಕೊಳ್ಳಬೇಕು. ಸ್ಟುಡಿಯೋ ಕನ್ನಡವನ್ನಷ್ಟೇ ಕಲಿತ ಯಂತ್ರ ಬಳ್ಳಾರಿ ರೈತನ ಮಾತನ್ನು ತಪ್ಪು ಬರೆದೀತು. ತಪ್ಪು ಬರೆದ ಮಾತು ಹುಡುಕಿದಾಗ ಸಿಗದು, ಲೆಕ್ಕಕ್ಕೂ ಬಾರದು! ಆದ್ದರಿಂದ ಅದಕ್ಕೆ ಎಲ್ಲ ಸೀಮೆಯ ಕನ್ನಡ ಕಲಿಸಬೇಕು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಮಗ್ಗುಲಲ್ಲೇ ಇದೆ. ಅಲ್ಲಿ ಕನ್ನಡ ಸುದ್ದಿಯ ಭಂಡಾರ ತೆರೆಯಲಿ. ಸರಕಾರ ಹಣ ಕೊಡಲಿ, ಲೆಕ್ಕಕ್ಕೆ ಕೈ ಹಾಕದಿರಲಿ. ಎಚ್ಚರವೂ ಇರಲಿ: ಮುಖ ಗುರುತಿಸುವ ಯಂತ್ರ ಧರಣಿ ಕೂತವರನ್ನು ಹಿಡಿಯುವ ಬಲೆಯಾಗಬಾರದು. ನಮಗೆ ಬೇಕಾದ್ದು ಊರಿನ ಹೆಸರು, ಭಾಷೆ, ನಿಮಿಷ. ಅಷ್ಟೇ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತ ಕನ್ನಡದ ಹುಡುಗ ಹುಡುಗಿಯರೇ, ಭಂಡಾರ ಬರುವವರೆಗೆ ಕಾಯಬೇಡಿ. ಒಂದು ಚಾನೆಲ್, ಒಂದು ತಿಂಗಳು ಹಿಡಿಯಿರಿ. ಬಳ್ಳಾರಿಗೆಷ್ಟು, ಬೀದರಿಗೆಷ್ಟು, ಕಾಸರಗೋಡಿಗೆಷ್ಟು, ನಿಮಿಷದ ಲೆಕ್ಕ ಕೊಡಿ. ಅಚ್ಚು ಹಾಕಿ ಊರೂರಿಗೆ ಹಂಚುವ ಕೆಲಸ ನಮಗಿರಲಿ!